ಹೋಗೋ ಮುಂಚೆ ಒಮ್ಮೆ ನೋಡಿಬಿಡೋಣ

ಬೆಂಗಳೂರು ಬಿಡುವುದು ಖಾತ್ರಿಯಾದ ರಾತ್ರಿ ನಾವು ಮೂವರು ರೂಮಿನಲ್ಲಿ ಕೂತು ಒಂದು ಪಟ್ಟಿ ಮಾಡಿದೆವು. ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಕಿತ್ತು ಅದರ ಬೆನ್ನಿಗೆ ಬರೆದದ್ದು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ (ಹೊರಗಿನಿಂದ), ಟಿಪ್ಪು ಬೇಸಿಗೆ ಅರಮನೆ, ಬೆಂಗಳೂರು ಅರಮನೆ, ದೊಡ್ಡ ಬಸವಣ್ಣ, ಗವಿಗಂಗಾಧರೇಶ್ವರ, ವಿಶ್ವೇಶ್ವರಯ್ಯ ಮ್ಯೂಸಿಯಂ, ಹಲಸೂರು ಕೆರೆ, ಚರ್ಚ್ ಸ್ಟ್ರೀಟ್, ವಿದ್ಯಾರ್ಥಿ ಭವನದ ದೋಸೆ, ಎಂ.ಟಿ.ಆರ್.ನ ರವೆ ಇಡ್ಲಿ, ನಂದಿಬೆಟ್ಟದ ಸೂರ್ಯೋದಯ. ಹೀಗೆ ಒಟ್ಟು ಹದಿನೇಳು. ಕೈಯಲ್ಲಿದ್ದದ್ದು ಇಪ್ಪತ್ತೆರಡು ದಿನ. 2019ರ ಆಗಸ್ಟಿನಲ್ಲಿ ಸಾಗರದಿಂದ ಒಂದು ಸೂಟ್‌ಕೇಸು, ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದು ಬಂದವನು 2024ರ ಜೂನಿನಲ್ಲಿ ಹೈದರಾಬಾದಿಗೆ ಹೊರಟಿದ್ದೆ. ಐದು ವರ್ಷಕ್ಕೆ ಎರಡು ತಿಂಗಳು ಕಮ್ಮಿ. ಅಷ್ಟೂ ದಿನ ನೋಡದೆ ಉಳಿದದ್ದನ್ನು ಇಪ್ಪತ್ತೆರಡು ದಿನದಲ್ಲಿ ನೋಡಿ ಮುಗಿಸುವುದು ಎಂದು ತೀರ್ಮಾನವಾಯಿತು. ಒಬ್ಬ ಗೆಳೆಯ ಮ್ಯಾಪ್ ಹಿಡಿದು ಯಾವುದರ ಜೊತೆ ಯಾವುದು ಒಂದೇ ದಿಕ್ಕಿಗೆ ಬರುತ್ತದೆ ಎಂದು ಲೆಕ್ಕ ಹಾಕಿದ. ಹದಿನೇಳರಲ್ಲಿ ಹದಿನಾಲ್ಕಕ್ಕೆ ಟಿಕ್ ಬಿತ್ತು.

ಈ ಬರಹ ಆ ಹದಿನಾಲ್ಕು ಟಿಕ್‌ಗಳ ವಿರುದ್ಧ. ಅವು ನನ್ನವೊಬ್ಬನವೇ ಆಗಿದ್ದರೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಇದೊಂದು ವ್ರತದ ಹಾಗೆ ಎಲ್ಲ ಕಡೆ ನಡೆಯುತ್ತಿದೆ. ಮೈಸೂರಿನಲ್ಲಿ ಎರಡು ವರ್ಷ ಎಂ.ಎ. ಓದಿದವರು ಕೊನೆಯ ಪರೀಕ್ಷೆ ಮುಗಿದ ಮೇಲೆ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಎಂದು ಓಡಾಡುತ್ತಾರೆ. ಧಾರವಾಡದ ಹಾಸ್ಟೆಲ್ ಖಾಲಿ ಮಾಡುವ ವಾರದಲ್ಲಿ ಸಾಧನಕೇರಿಯ ನೆನಪಾಗುತ್ತದೆ. ಬೆಂಗಳೂರು ಬಿಡುವವರ ಸ್ಟೇಟಸ್ ನೋಡಿದರೆ ಸಾಕು, ಕೊನೆಯ ಎರಡು ವಾರ ಯಾವ ಫೋಟೊ ಯಾವ ಕ್ರಮದಲ್ಲಿ ಬರುತ್ತದೆ ಎಂದು ಮೊದಲೇ ಹೇಳಬಹುದು. ಕೊನೆಗೆ ಒಂದು ಹೃದಯದ ಚಿಹ್ನೆ, ಜೊತೆಗೆ ಈ ಊರು ನನಗೆ ಎಲ್ಲವನ್ನೂ ಕೊಟ್ಟಿತು ಎಂಬ ಮಾತು. ಕೊಟ್ಟಿತು, ಸರಿ. ತಗೊಂಡವರು ಏನು ಮಾಡಿದರು ಎಂಬುದು ಆ ಫೋಟೊಗಳಲ್ಲಿ ಇರುವುದಿಲ್ಲ.

ಮೊದಲು ಟಿಕ್‌ನ ಬಗ್ಗೆಯೇ ಒಂದು ಮಾತು. ಟಿಕ್ ಎಲ್ಲವನ್ನೂ ಒಂದೇ ಅಳತೆಗೆ ತರುತ್ತದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮುಂದೆ ಕೆಂಪೇಗೌಡರ ಕಾಲದ ಗಡಿಗೋಪುರವೂ ನಿನ್ನೆ ಮೊನ್ನೆಯದು, ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟವೂ ನಿನ್ನೆ ಮೊನ್ನೆಯದು. ನಮ್ಮ ವೇಳಾಪಟ್ಟಿಯಲ್ಲಿ ಆ ಬಂಡೆಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಅದರಲ್ಲಿ ಹನ್ನೆರಡು ನಿಮಿಷ ಬೆಳಕು ಸರಿಯಿಲ್ಲ ಎಂದು ಫೋಟೊ ಮತ್ತೆ ಮತ್ತೆ ತೆಗೆಯುವುದಕ್ಕೆ ಹೋಯಿತು. ದೋಸೆಯ ಸಾಲಿನಲ್ಲಿ ನಿಂತದ್ದು ಐವತ್ತು ನಿಮಿಷ. ಹಾಳೆಯ ಮೇಲೆ ಎರಡಕ್ಕೂ ಒಂದೇ ಟಿಕ್. ದೋಸೆಯನ್ನು ನಾನು ಕಡೆಗಣಿಸುತ್ತಿಲ್ಲ, ಅದು ಚೆನ್ನಾಗಿಯೇ ಇತ್ತು. ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ಹತ್ತಿರ ನಾಲ್ಕು ವರ್ಷ ಇದ್ದವನು ಅದನ್ನು ಕೊನೆಯ ವಾರ ಪ್ರವಾಸಿಯ ಹಾಗೆ ತಿಂದೆನಲ್ಲ, ಅದನ್ನು ಹೇಳುತ್ತಿದ್ದೇನೆ.

ನಂದಿಬೆಟ್ಟದ ವಿಷಯ ಕೇಳಬೇಡಿ. ಮೂರೂವರೆಗೆ ಎದ್ದು, ಬೆಟ್ಟದ ಬುಡದಲ್ಲಿ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಸೂರ್ಯ ಹುಟ್ಟಿದ್ದನ್ನು ಮುಂದಿನ ಕಾರಿನ ಹಿಂದಿನ ಗಾಜಿನಲ್ಲಿ ನೋಡಿದ್ದಾಯಿತು. ಆ ಬೆಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎಂಬುದೂ ಪಟ್ಟಿ ಬರೆದವರಿಗೆ ಹೊಳೆದಿರಲಿಲ್ಲ.

ಇಷ್ಟಕ್ಕೂ ಪಟ್ಟಿ ಯಾಕೆ ಹುಟ್ಟುತ್ತದೆ? ಒಂದು ಪ್ರಶ್ನೆಯ ಹೆದರಿಕೆಯಿಂದ. ಊರಿಗೆ ಹೋದಾಗ ಚಿಕ್ಕಪ್ಪನೋ ಅತ್ತೆಯೋ ಕೇಳುತ್ತಾರೆ: "ಐದು ವರ್ಷ ಬೆಂಗಳೂರಲ್ಲಿದ್ದು ಲಾಲ್‌ಬಾಗ್ ನೋಡ್ಲಿಲ್ವಾ ಮಾರಾಯ? ಎಂತ ಮಾಡ್ತಿದ್ದೆ ಹಾಗಾರೆ?" ಈ ಪ್ರಶ್ನೆಗೆ ನಾಚಿಕೆಯಾಗುತ್ತದೆ. ಆದರೆ ನಿನ್ನ ವಾರ್ಡಿನ ಹೆಸರೇನು ಎಂದು ಯಾರೂ ಕೇಳುವುದಿಲ್ಲ. ನೀನು ಕುಡಿದ ನೀರು ಎಲ್ಲಿಂದ ಬರುತ್ತಿತ್ತು, ಬೀದಿ ಗುಡಿಸುತ್ತಿದ್ದ ಹೆಂಗಸು ಯಾವ ಊರಿನವಳು, ಮಳೆ ಬಂದರೆ ನಿನ್ನ ಬೀದಿಯ ನೀರು ಯಾವ ರಾಜಕಾಲುವೆಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಇವಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆಯೂ ಆಗುವುದಿಲ್ಲ. ಪಟ್ಟಿಯ ಕೆಲಸವೇ ಅದು: ನಾವು ಕಳೆದುಕೊಂಡದ್ದು ಹದಿನೇಳು ಜಾಗ ಮಾತ್ರ, ಅವನ್ನು ನೋಡಿಬಿಟ್ಟರೆ ಊರಿನ ಲೆಕ್ಕ ಚುಕ್ತಾ ಎಂದು ನಂಬಿಸುವುದು.

ನನ್ನ ಲೆಕ್ಕ ಚುಕ್ತಾ ಆಗಿರಲಿಲ್ಲ. ಅದನ್ನು ಹೇಳಬೇಕಾದರೆ ಒಂದು ಹೊಂಗೆ ಮರದ ಕಥೆ ಹೇಳಬೇಕು.

ನಾನಿದ್ದದ್ದು ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ. ಎದುರಿಗೆ ಒಂದು ಹೊಂಗೆ ಮರ. ನನ್ನ ಕಿಟಕಿಗೆ ಅದರ ನೆತ್ತಿ ತಾಗುತ್ತಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸಿ, ಕೆಲವೇ ದಿನಗಳಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುವ ಹಸಿರು ಹೊದ್ದು, ಆಮೇಲೆ ಹೂ ಸುರಿಸುತ್ತಿತ್ತು. ಬೆಳಿಗ್ಗೆ ಬೀದಿಯ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ನನ್ನ ಬೈಕ್ ಅದರ ಕೆಳಗೇ ನಿಲ್ಲುತ್ತಿತ್ತು. ದಿನಾ ಸೀಟಿನ ಮೇಲಿನ ಹೂ ಒರೆಸಬೇಕಲ್ಲ ಎಂದು ಬೈದುಕೊಳ್ಳುತ್ತಿದ್ದೆ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಆ ಸೀಟು ತಣ್ಣಗಿರುತ್ತಿದ್ದುದು ಮಾತ್ರ ನನಗೆ ಬರಬೇಕಾದ ಸವಲತ್ತು ಎಂಬಂತೆ ಸ್ವೀಕರಿಸುತ್ತಿದ್ದೆ.

ಮೂರನೆಯ ವರ್ಷ ಆ ಮರಕ್ಕೆ ಬಿಳಿ ಬಣ್ಣದಲ್ಲಿ ಗುರುತು ಬಿತ್ತು. ಚರಂಡಿ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಕಡಿಯುತ್ತಾರಂತೆ. ಎದುರುಮನೆಯಲ್ಲಿ ನಿವೃತ್ತ ಟೀಚರೊಬ್ಬರಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರು ಅರ್ಜಿ ಹಿಡಿದು ಮೂರು ಮಹಡಿ ಹತ್ತಿ ಬಂದರು. ಮಂಡಿ ನೋವು, ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. "ಒಂದ್ ಸೈನ್ ಹಾಕಪ್ಪ. ಚರಂಡೀನ ಸ್ವಲ್ಪ ಪಕ್ಕಕ್ಕೆ ತಿರುಗಿಸಿದ್ರೆ ಮರ ಉಳಿಯುತ್ತೆ." ನಾನು ನಿದ್ದೆಗಣ್ಣಿನಲ್ಲಿ ಹೇಳಿದ ಮಾತು ಇವತ್ತಿಗೂ ಅಕ್ಷರಶಃ ನೆನಪಿದೆ: "ನಾನು ಇಲ್ಲಿ ಪರ್ಮನೆಂಟ್ ಅಲ್ಲ ಮೇಡಂ. ಬಾಡಿಗೆಗಿರೋದು. ನಂದೆಲ್ಲ ಯಾಕೆ?" ಅವರು ಬೇಜಾರೂ ಮಾಡಿಕೊಳ್ಳಲಿಲ್ಲ, ವಾದವನ್ನೂ ಮಾಡಲಿಲ್ಲ. "ಹೂಂ, ಸರಿ" ಎಂದು ಇಳಿದು ಹೋದರು. ಪಕ್ಕದ ಕೋಣೆಯ ಹುಡುಗನೂ ಇದನ್ನೇ ಹೇಳಿದನಂತೆ. ನಮ್ಮ ಕಟ್ಟಡದಲ್ಲಿ ಹನ್ನೊಂದು ಜನ ಬಾಡಿಗೆಯವರಿದ್ದೆವು. ಒಬ್ಬರ ಸಹಿಯೂ ಬೀಳಲಿಲ್ಲ. ಒಂದು ಮಂಗಳವಾರ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮರವಿರಲಿಲ್ಲ. ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು.

ಹನ್ನೊಂದು ಸಹಿ ಬಿದ್ದಿದ್ದರೆ ಮರ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಬಹುಶಃ ಉಳಿಯುತ್ತಿರಲಿಲ್ಲ. ಆದರೆ ಅದೇ ನಾನು ಎರಡು ವರ್ಷದ ಮೇಲೆ ಲಾಲ್‌ಬಾಗಿಗೆ ಹೋಗಿ, ಟಿಕೆಟ್ ತಗೊಂಡು, ಒಂದು ದೊಡ್ಡ ಬೂರುಗದ ಮರದ ಬುಡದಲ್ಲಿ ಕೈ ಚಾಚಿ ನಿಂತು ಫೋಟೊ ತೆಗೆಸಿಕೊಂಡೆ. 'ಈ ಊರಿನ ಮರಗಳನ್ನು ಮಿಸ್ ಮಾಡಿಕೊಳ್ಳುತ್ತೇನೆ' ಎಂದು ಬರೆದುಕೊಂಡೆ ಕೂಡ. ಅರವತ್ತೆರಡು ಜನ ಮೆಚ್ಚಿದರು.

'ಪರ್ಮನೆಂಟ್ ಅಲ್ಲ' ಎನ್ನುವುದು ಇವತ್ತಿನ ನಗರಗಳ ಅತಿ ದೊಡ್ಡ ಸಬೂಬು. ಇದನ್ನು ನಾವಷ್ಟೇ ಹುಟ್ಟಿಸಿದ್ದಲ್ಲ, ಊರೂ ನಮಗೆ ಅದನ್ನೇ ಕಲಿಸುತ್ತದೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ. ಹೀಗಾಗಿ ಐದು ವರ್ಷ ಇದ್ದವನೂ ಕಾಗದದ ಮೇಲೆ ಐದು ಸಲ ಹೊಸಬ. ಅಡ್ವಾನ್ಸ್ ಕೊಡುವಾಗಲೇ ವಾಪಸ್ ಪಡೆಯುವ ದಿನದ ಮಾತು, ಗೋಡೆಗೆ ಮೊಳೆ ಹೊಡೆಯಬಾರದು, ಬಿಟ್ಟು ಹೋಗುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಟ್. ಮೊಳೆ ಹೊಡೆಯಲಾಗದ ಮನೆಯಲ್ಲಿ ಇರುವವನಿಗೆ ಬೀದಿಯ ಮರ ತನ್ನದು ಅನ್ನಿಸುವುದಾದರೂ ಹೇಗೆ? ಇದನ್ನು ಒಪ್ಪುತ್ತೇನೆ. ಆದರೆ ಅರ್ಜಿಯ ಹಾಳೆಯಲ್ಲಿ ಸಹಿ ಹಾಕಲು ಯಾವ ಓನರೂ ಅಡ್ಡ ಬಂದಿರಲಿಲ್ಲ.

ಓಟಿನದೂ ಇದೇ ಕಥೆ. 2024ರ ಏಪ್ರಿಲ್ 26, ಶುಕ್ರವಾರ, ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ನನಗೆ ರಜೆ. ಹತ್ತು ಗಂಟೆಯವರೆಗೆ ಮಲಗಿದ್ದೆ. ಶಿವಮೊಗ್ಗದ ಮತದಾನ ಮೇ 7ಕ್ಕೆ ಇತ್ತು, ಅದಕ್ಕೆ ರಾತ್ರಿ ಬಸ್ಸು ಹಿಡಿದು ಊರಿಗೆ ಹೋಗಿ ಬಂದೆ. ಬಸ್ಸಿನ ತುಂಬ ನನ್ನಂಥವರೇ. ಅಪ್ಪ ಅಮ್ಮನ ಮುಖ ನೋಡಿದ ಹಾಗೂ ಆಯಿತು, ಬೆರಳಿಗೆ ಶಾಯಿಯೂ ಆಯಿತು. ನಾವು ಎಲ್ಲಿ ವಾಸವಿದ್ದೇವೋ ಅಲ್ಲಿಗೆ ಹೆಸರು ವರ್ಗಾಯಿಸಲು ಒಂದೇ ಫಾರಂ ಸಾಕು. ಅದನ್ನು ತುಂಬದೆ ಇರುವುದಕ್ಕೆ ನಾವು ಕೊಟ್ಟುಕೊಳ್ಳುವ ಕಾರಣ ಊರಿನ ಮೇಲಿನ ಪ್ರೀತಿ. ಊರಿನಲ್ಲಿ ನಾನು ವರ್ಷಕ್ಕೆ ಇಪ್ಪತ್ತು ದಿನ ಇರುತ್ತಿದ್ದೆ. ಮಿಕ್ಕ ದಿನ ಓಡಾಡುತ್ತಿದ್ದ ರಸ್ತೆಯ ಗುಂಡಿಗೆ ಯಾರು ಹೊಣೆ ಎಂಬುದರಲ್ಲಿ ನನ್ನ ಮಾತಿಗೆ ಜಾಗವೇ ಇರಲಿಲ್ಲ, ನಾನೇ ಇಟ್ಟುಕೊಂಡಿರಲಿಲ್ಲ. ಇನ್ನೊಂದು ಸೋಜಿಗ ಹೇಳುತ್ತೇನೆ. ಮಹಾನಗರ ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ನಾನು ಹೊರಡುವವರೆಗೆ ಬೆಂಗಳೂರಿನ ವಾರ್ಡುಗಳಲ್ಲಿ ಒಬ್ಬ ಕಾರ್ಪೊರೇಟರನೂ ಇರಲಿಲ್ಲ. ಇದು ನನಗೆ ಗೊತ್ತಾದದ್ದು ಊರು ಬಿಡುವ ವಾರ, ಅದೂ ಟೀಚರ್ ಹೇಳಿ. ಅಷ್ಟು ವರ್ಷ ಇಷ್ಟು ದೊಡ್ಡ ನಗರಕ್ಕೆ ಚುನಾಯಿತ ಪಾಲಿಕೆಯೇ ಇರಲಿಲ್ಲ ಎಂಬುದನ್ನು ಸರ್ಕಾರಗಳು ಆರಾಮವಾಗಿ ನಡೆಸಿಕೊಂಡು ಹೋದದ್ದು ಯಾರ ಧೈರ್ಯದ ಮೇಲೆ? ಕೇಳುವವರೆಲ್ಲ ಟೆಂಪರರಿ ಎಂಬ ಧೈರ್ಯದ ಮೇಲೂ ಇರಬಹುದು.

ನೀರಿನ ಮಾತಿಗೆ ಬರುತ್ತೇನೆ. ಆ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಿದ್ದಿತ್ತು, ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರುಗಳು ರಾತ್ರಿಯಿಡೀ ಓಡುತ್ತಿದ್ದವು. ನಮ್ಮ ಬೀದಿಗೆ ಕಾವೇರಿ ಇದ್ದದ್ದರಿಂದ ನಾವು ಬಚಾವ್. ಆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಿಂದ. ಅಲ್ಲಿ ಶುದ್ಧಿಯಾಗಿ, ಹಾರೋಹಳ್ಳಿ, ತಾತಗುಣಿ ಎಂದು ಹಂತ ಹಂತವಾಗಿ ಪಂಪಾಗುತ್ತಾ ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಏರಬೇಕು. 1974ರಿಂದ ಹೀಗೆ ಏರುತ್ತಿದೆ. ಐದು ವರ್ಷ ದಿನಾ ಎರಡು ಬಕೆಟ್ ಎಂದರೂ ಎಷ್ಟು ನೀರು ನನಗಾಗಿ ಆ ಎತ್ತರ ಹತ್ತಿತು? ನಮ್ಮ ಪಟ್ಟಿಯಲ್ಲಿ ಹಲಸೂರು ಕೆರೆ ಇತ್ತು, ತೊರೆಕಾಡನಹಳ್ಳಿಯ ಹೆಸರೂ ಇರಲಿಲ್ಲ. ಕೆರೆಯಲ್ಲಿ ಚಂದದ ಫೋಟೊ ಬರುತ್ತದೆ, ಪಂಪ್‌ಹೌಸಿನಲ್ಲಿ ಬರುವುದಿಲ್ಲ.

ಪಟ್ಟಿಯಲ್ಲಿದ್ದ ಜಾಗಗಳೇ ಆದರೂ ತಮ್ಮಷ್ಟಕ್ಕೆ ತಾವು ಉಳಿದವೇ? ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕೆಂಪು ಕಟ್ಟಡ, ಅಠಾರ ಕಚೇರಿ, ಈಗಿನ ಹೈಕೋರ್ಟು. ನಾವು ಅದರ ಮುಂದೆಯೂ ನಿಂತು ಫೋಟೊ ತೆಗೆದುಕೊಂಡೆವು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಎದ್ದಿತ್ತು. ನಾಗರಿಕರು ವಿರೋಧಿಸಿ ಕೋರ್ಟಿನ ಮೆಟ್ಟಿಲು ಹತ್ತಿದ್ದರು. 2016ರ ಅಕ್ಟೋಬರಿನಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರ ಕಡಿಯುತ್ತಾರೆ ಎಂದಾಗ, ಸಾವಿರಾರು ಜನ ಒಂದು ಭಾನುವಾರ ಬೆಳಿಗ್ಗೆ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನಿಂತವರೆಲ್ಲ ಇಲ್ಲೇ ಹುಟ್ಟಿದವರೇನಲ್ಲ. ಅವರಲ್ಲೂ ಬಾಡಿಗೆಯವರಿದ್ದರು, ಬೇರೆ ರಾಜ್ಯದವರಿದ್ದರು. ಆ ಬೆಳಿಗ್ಗೆ ಅವರಿಗೆ ಹನ್ನೊಂದು ತಿಂಗಳ ಕರಾರು ನೆನಪಾಗಲಿಲ್ಲ.

ಲಾಲ್‌ಬಾಗಿನಲ್ಲಿ ಹೆಸರು ಕೇಳಿಬರುವ ಕೃಂಬಿಗಲ್ ಯಾರು? ಜರ್ಮನಿಯವ. ಲಂಡನ್ನಿನ ಕ್ಯೂ ಉದ್ಯಾನ, ಬರೋಡಾ ಎಲ್ಲ ದಾಟಿ 1908ರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಬಂದವ. ಒಂದು ಜಾತಿಯ ಮರದ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಹೂ ಬಿಡುವ ಹಾಗೆ ಬೀದಿಗಳಿಗೆ ಮರ ಆರಿಸಿ ನೆಡಿಸಿದ ಎಂದು ಈ ಊರು ಅವನನ್ನು ನೆನೆಯುತ್ತದೆ. 1956ರಲ್ಲಿ ತೀರಿಕೊಂಡ, ಇಲ್ಲೇ ಮಣ್ಣಾದ. ಮರ ನೆಡುವವನಿಗೆ ತಾನು ಪರ್ಮನೆಂಟೋ ಅಲ್ಲವೋ ಎಂದು ಯೋಚಿಸುತ್ತಾ ಕೂರಲು ಆಗುವುದಿಲ್ಲ. ನೆಟ್ಟ ವರ್ಷವೇ ನೆರಳು ಸಿಗುವುದಿಲ್ಲವಲ್ಲ.

ಇನ್ನು ಪಟ್ಟಿಗೆ ಸಿಕ್ಕದ ಊರು ಒಂದಿದೆ. ಅದು ತಿಥಿ ನೋಡಿ ಬರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಸಂಕ್ರಾಂತಿಯ ಸಂಜೆ ಗವಿಗಂಗಾಧರೇಶ್ವರದಲ್ಲಿ ಬಿಸಿಲ ಕೋಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟು, ಪೇಟೆಯ ಗಲ್ಲಿ ಗಲ್ಲಿ ಸುತ್ತುತ್ತಾ, ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಇವನ್ನು ಜೂನ್ ತಿಂಗಳಿನಲ್ಲಿ ಆ್ಯಪ್ ಒತ್ತಿ ತರಿಸಿಕೊಳ್ಳಲಾಗುವುದಿಲ್ಲ. ಪರಿಷೆ ನಡೆಯುವ ರಸ್ತೆಗೆ ನನ್ನ ಕೋಣೆಯಿಂದ ಹದಿನೈದು ನಿಮಿಷದ ನಡಿಗೆ. ನಾಲ್ಕು ಕಾರ್ತಿಕ ಕಳೆದವು. ಒಂದು ಸಲವೂ ಹೋಗಲಿಲ್ಲ. ಆ ಸೋಮವಾರಗಳಲ್ಲಿ ನಾನು ಬೈದದ್ದು ಟ್ರಾಫಿಕ್ಕನ್ನು, ರಸ್ತೆ ಮುಚ್ಚಿದವರನ್ನು. ಮಾರನೆಯ ದಿನ ಬೀದಿಯ ತುಂಬ ಕಡಲೆ ಸಿಪ್ಪೆ ಬಿದ್ದಿರುತ್ತಿತ್ತು, ಅದನ್ನೂ ಬೈದೆ. ಪಟ್ಟಿಯಲ್ಲಿ ಟಿಕ್ ಬೀಳದ ಮೂರರಲ್ಲಿ ಪರಿಷೆಯೂ ಒಂದು. ಅದು ನವೆಂಬರ್-ಡಿಸೆಂಬರಿನಲ್ಲಿ ಬರುತ್ತದೆ ಎಂಬುದೂ ಗೊತ್ತಿಲ್ಲದೆ ಬರೆದುಬಿಟ್ಟಿದ್ದೆವು.

ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ಹೇಳಿದ: "ನೀನು ಸುಮ್ನೆ ದೊಡ್ಡದು ಮಾಡ್ತಿದೀಯ. ಹೋಗೋ ಮುಂಚೆ ನಾಕ್ ಜಾಗ ನೋಡಿದ್ರೆ ಯಾರಪ್ಪನ ಗಂಟು ಹೋಗುತ್ತೆ? ಹತ್ತು ಗಂಟೆ ಡ್ಯೂಟಿ, ಮೂರು ಗಂಟೆ ಟ್ರಾಫಿಕ್. ಇದ್ದಾಗ ಪುರುಸೊತ್ತೆಲ್ಲಿತ್ತು?" ಅವನ ಮಾತಿನಲ್ಲಿ ಹುರುಳಿದೆ. ಪುರುಸೊತ್ತೇ ಇಲ್ಲದವರು ಇದ್ದಾರೆ. ನಮ್ಮ ಬೀದಿಯ ತುದಿಯಲ್ಲಿ ಕಟ್ಟಡ ಕಟ್ಟುತ್ತಿದ್ದ ರಾಯಚೂರು, ಯಾದಗಿರಿ ಕಡೆಯ ಸಂಸಾರಗಳು ತಗಡಿನ ಶೆಡ್ಡಿನಲ್ಲಿ ಇದ್ದವು. ಕಟ್ಟಡ ಎದ್ದ ಮೇಲೆ ಶೆಡ್ಡು ಕಿತ್ತು ಇನ್ನೊಂದು ಸೈಟಿಗೆ. ಅವರನ್ನು ಟೆಂಪರರಿ ಮಾಡಿದ್ದು ಬಡತನ ಮತ್ತು ಮೇಸ್ತ್ರಿ. ಅವರು ಯಾವತ್ತಾದರೂ ಒಂದು ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಕಬ್ಬನ್ ಪಾರ್ಕಿಗೆ ಹೋಗಿ ಪುರಿ ತಿಂದು ಬಂದರೆ ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಅವರಲ್ಲಿ ಪಟ್ಟಿಯೂ ಇಲ್ಲ. ನನ್ನ ತಕರಾರು ಇರುವುದು ನನ್ನಂಥವರ ಜೊತೆ. ವಾರಕ್ಕೊಂದು ವೆಬ್ ಸೀರೀಸ್ ಮುಗಿಸುವಷ್ಟು ಪುರುಸೊತ್ತು ನಮಗೆ ಇತ್ತು. ಸೀರೀಸಿನಲ್ಲಿ ಬರುವ ಕೊರಿಯಾದ ಬೀದಿಗಳು ನಮ್ಮ ಅಡ್ಡರಸ್ತೆಗಿಂತ ಹೆಚ್ಚು ಪರಿಚಯವಿದ್ದವು.

ಹಾಗೆಂದು 'ಹೊರಗಿನವರು ಬಂದು ಊರು ಕೆಡಿಸಿದರು' ಎನ್ನುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ನಮ್ಮ ಓನರ್ ಮೂರು ತಲೆಮಾರಿನ ಬೆಂಗಳೂರಿನವರು, ಆ ಮಾತು ಅವರ ಬಾಯಲ್ಲಿ ದಿನಾ ಬರುತ್ತಿತ್ತು. ಹೊಂಗೆ ಮರದ ಅರ್ಜಿಗೆ ಅವರೂ ಸಹಿ ಹಾಕಿರಲಿಲ್ಲ, ಕಾರು ನಿಲ್ಲಿಸಲು ಜಾಗವಾಗುತ್ತದೆ ಎಂದು. ಹುಟ್ಟಿದ್ದೇ ಅರ್ಹತೆ ಎನ್ನುವವರೂ ನೋಡಿದ್ದೇ ಅರ್ಹತೆ ಎನ್ನುವವರೂ ನನಗೆ ಒಂದೇ ಥರ ಕಾಣುತ್ತಾರೆ.

ಸಾಹಿತ್ಯ ಓದುವ ನಮಗೆ ಇದು ಹೊಳೆಯದೆ ಹೋದದ್ದು ಇನ್ನೂ ವಿಚಿತ್ರ. ಯಾಕೆಂದರೆ ಬೇರೆ ಊರಿನಲ್ಲಿ ಬದುಕುವುದು ಹೇಗೆ ಎಂಬುದನ್ನು ಕನ್ನಡದ ಕಥೆಗಾರರು ಹಿಂದೆಯೇ ಬರೆದಿಟ್ಟಿದ್ದಾರೆ. ಹನೇಹಳ್ಳಿಯ ಯಶವಂತ ಚಿತ್ತಾಲರು ದಶಕಗಳ ಕಾಲ ಮುಂಬಯಿಯಲ್ಲಿದ್ದರು. 1979ರ 'ಶಿಕಾರಿ'ಯ ನಾಗಪ್ಪನ ಮುಂಬಯಿ ಕಂಪನಿಯ ಒಳಗಿನ ಸಂಚುಗಳ, ಭಯದ, ಅನುಮಾನದ ಮುಂಬಯಿ. ಗೋಕರ್ಣದ ಜಯಂತ ಕಾಯ್ಕಿಣಿ ಕೆಲಸಕ್ಕೆಂದು ಮುಂಬಯಿಗೆ ಹೋದವರು. ಆಮೇಲೆ ಆ ಊರು ಬಿಟ್ಟು ಬೆಂಗಳೂರಿಗೆ ಬಂದರು. ಅಂದರೆ ಲೆಕ್ಕದ ಪ್ರಕಾರ ಅವರೂ ಟೆಂಪರರಿಯೇ. 'ತೂಫಾನ್ ಮೇಲ್'ನಂಥ ಅವರ ಕಥೆಗಳಲ್ಲಿ ಗೇಟ್‌ವೇ ಆಫ್ ಇಂಡಿಯಾವನ್ನು ಹುಡುಕಿಕೊಂಡು ಹೋದರೆ ನಿರಾಸೆಯಾಗುತ್ತದೆ. ಅಲ್ಲಿರುವುದು ಚಾಳು, ಲೋಕಲ್ ರೈಲು, ಸಿನಿಮಾ ಟಾಕೀಸು, ದಿನಗೂಲಿಯ ಜನ. ಪಕ್ಕದ ಕೋಣೆಯವನ ಕೆಮ್ಮು ಕೇಳಿಸಿಕೊಂಡವರು ಮಾತ್ರ ಬರೆಯಬಲ್ಲ ಊರು ಅದು. ನಾವು ಕಾಯ್ಕಿಣಿ ಕಥೆಗಳ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸುತ್ತೇವೆ, ನಗರಪ್ರಜ್ಞೆ ಎಂಬ ಪದವನ್ನು ಎಂಟು ಸಲ ಬಳಸುತ್ತೇವೆ. ಮಂಡಿಸಿ ಬಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತೇವೆ. ನಾನು ಮಂಡಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಆ ವರ್ಷ ನನ್ನ ಪಕ್ಕದ ಕೋಣೆಯಲ್ಲಿದ್ದವನ ಹೆಸರು ಈಗ ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ. ಅವನು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಆರಕ್ಕೆ ಬರುತ್ತಿದ್ದ, ಬೀಗ ತೆಗೆಯುವ ಸದ್ದು ಮಾತ್ರ ಗೊತ್ತು.

ಹೊರಡುವ ದಿನ ಬೆಳಿಗ್ಗೆ ಸಾಮಾನೆಲ್ಲ ಟೆಂಪೋಗೆ ಹಾಕಿದ ಮೇಲೆ ಬೀದಿಯ ತುದಿಯ ಅಂಗಡಿಗೆ ಹೋದೆ. ಹಾಲು, ಮೊಟ್ಟೆಯ ಬಾಕಿ ಇನ್ನೂರ ಹತ್ತು ರೂಪಾಯಿ ಇತ್ತು. ಟೀಚರ್ ಅಲ್ಲೇ ನಿಂತಿದ್ದರು, ಕೈಯಲ್ಲಿ ಮತ್ತೆ ಒಂದು ಅರ್ಜಿ. ಮರ ಕಡಿದ ಜಾಗಕ್ಕೆ ಚಪ್ಪಡಿ ಹಾಕಿ ಸಿಮೆಂಟು ಮೆತ್ತಿದ್ದರು. ಅದನ್ನು ಮೂರಡಿ ಒಡೆದು ಕೊಟ್ಟರೆ ನಾವೇ ಗಿಡ ನೆಟ್ಟು ನೀರು ಹಾಕುತ್ತೇವೆ ಎಂದು ಕೇಳುವ ಅರ್ಜಿ. ಅಷ್ಟರಲ್ಲಿ ಹದಿನಾಲ್ಕು ಸಹಿ ಆಗಿತ್ತು. ಹದಿನಾಲ್ಕು ಎಂಬ ಸಂಖ್ಯೆ ನೋಡಿ ನನಗೆ ಸ್ವಲ್ಪ ನಗು ಬಂತು, ಅವರಿಗೆ ಹೇಳಲಿಲ್ಲ.

"ನಾನೂ ಹಾಕ್ಲಾ ಮೇಡಂ?" ಅಂದೆ.

ಪೆನ್ನು ಕೊಟ್ಟರು. ಹೆಸರು ಬರೆದೆ. ಮುಂದಿನ ಕಾಲಂ ಮನೆ ನಂಬರಿನದು. ಅಲ್ಲಿ ಕೈ ನಿಂತಿತು. "ಮನೆ ಖಾಲಿ ಮಾಡಿದೀನಲ್ಲ, ಏನ್ ಬರೀಲಿ?"

"ಬಸ್ಸು ಎಷ್ಟೊತ್ತಿಗೆ?"

"ರಾತ್ರಿ ಒಂಬತ್ತೂವರೆಗೆ."

"ಒಂಬತ್ತೂವರೆ ತನಕ ಇಲ್ಲೇ ತಾನೇ ಇರ್ತೀಯಾ? ಈ ಮನೇದೇ ಬರಿ."

ಬರೆಯಲು ಹೋದೆ. 41 ಆದಮೇಲೆ ಅಡ್ಡಗೆರೆ ಹಾಕಿ 2 ಇತ್ತೋ 3 ಇತ್ತೋ ಖಾತ್ರಿಯಿರಲಿಲ್ಲ. ಪೆನ್ನು ಅವರ ಕೈಗೆ ಕೊಟ್ಟು, ಗೇಟಿನವರೆಗೆ ಹೋಗಿ ನೋಡಿಕೊಂಡು ಬಂದೆ.